ಹೆಸರಿನ ಕಾಲೇಜಾ, ಸ್ಕಾಲರ್‌ಶಿಪ್ ಕೊಡುವ ಕಾಲೇಜಾ? ಸೀಟು ಒಪ್ಪುವ ಮೊದಲು ಮನೆಯಲ್ಲಿ ಮಾಡಬೇಕಾದ ಲೆಕ್ಕ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಲೇಜಿನ ಫೀಸು ಕಟ್ಟುವ ಕಾಲ ಬರುವುದೇ ಕೈ ಖಾಲಿ ಇರುವಾಗ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಘಟ್ಟದ ಮೇಲೆ ಸಿರ್ಸಿ, ಸಿದ್ದಾಪುರದ ಕಡೆ ಅಡಿಕೆ ಮಾರಿದ ದುಡ್ಡು ಅಷ್ಟೊತ್ತಿಗೆ ಮನೆಖರ್ಚಿಗೆ, ಸೊಸೈಟಿ ಸಾಲಕ್ಕೆ ಹೋಗಿರುತ್ತದೆ, ಮೇಲಿಂದ ಕೊಳೆರೋಗಕ್ಕೆ ಬೋರ್ಡೋ ಹೊಡೆಸುವ ಖರ್ಚು ಬೇರೆ. ಸರಿಯಾಗಿ ಅದೇ ಹೊತ್ತಿಗೆ ಸಿಇಟಿ ಸೀಟು ಹಂಚಿಕೆ ಶುರುವಾಗುತ್ತದೆ, ಮತ್ತು ಮೂರ್ನಾಲ್ಕು ದಿನದೊಳಗೆ ಲಕ್ಷಗಟ್ಟಲೆ ರೂಪಾಯಿಯ ತೀರ್ಮಾನ ಮಾಡಿ ಅಂತ ಕೂರಿಸುತ್ತಾರೆ.

ಅವಸರದಲ್ಲಿ ಎರಡು ಥರ ಎಡವಟ್ಟು ಆಗುತ್ತದೆ. ಒಂದು, ಹೆಸರಿಗೆ ಮರುಳಾಗುವುದು. ಮದುವೆಮನೆ ಪಂಕ್ತಿಯಲ್ಲಿ ಪಕ್ಕ ಕುಳಿತವರು "ಎಲ್ಲಿ ಸೀಟು ಸಿಕ್ತು ತಮಾ?" ಅಂತ ಕೇಳುತ್ತಾರೆಯೇ ಹೊರತು, ವರ್ಷಕ್ಕೆ ಎಷ್ಟು ಬೀಳುತ್ತದೆ ಅಂತ ಯಾರೂ ಕೇಳುವುದಿಲ್ಲ. ಇನ್ನೊಂದು, ಸ್ಕಾಲರ್‌ಶಿಪ್ ಅನ್ನುವ ಮಾತಿಗೆ ಮರುಳಾಗುವುದು. ನನ್ನ ಪ್ರಕಾರ ಎರಡನೆಯದೇ ಜಾಸ್ತಿ ಅಪಾಯ, ಯಾಕಂದ್ರೆ ಅಲ್ಲಿ ನಾವು ಉಳಿತಾಯ ಮಾಡ್ತಾ ಇದ್ದೇವೆ ಅಂತ ನಂಬಿಕೊಂಡು ಖರ್ಚು ಮಾಡಿರುತ್ತೇವೆ.

ಹೋಲಿಸಬೇಕಾದ್ದು ಒಂದೇ ಅಂಕಿ: ಕೋರ್ಸು ಮುಗಿಯುವವರೆಗೆ ನಿಮ್ಮ ಜೇಬಿನಿಂದ ಹೋಗುವ ಒಟ್ಟು ಹಣ. ಫೀಸೂ ಅಲ್ಲ, ಸ್ಕಾಲರ್‌ಶಿಪ್ಪೂ ಅಲ್ಲ.

ಹೆಜ್ಜೆ 1: ಒಂದು ಹಾಳೆಯಲ್ಲಿ ಮೂರು ಕಾಲೇಜು ಬರೆಯಿರಿ

ಮಕ್ಕಳನ್ನೂ ಪಕ್ಕ ಕೂರಿಸಿಕೊಂಡು ಬರೆಯಿರಿ. "ನೀ ಓದು, ದುಡ್ಡಿನ ಚಿಂತೆ ನನಗೆ ಬಿಡು" ಅನ್ನುವ ಅಪ್ಪಂದಿರು ಒಳ್ಳೆಯವರೇ, ಆದರೆ ನಾಳೆ ಬ್ಯಾಂಕಿನ ಸಾಲದ ಕಾಗದಕ್ಕೆ ಸಹಿ ಹಾಕುವವರಲ್ಲಿ ಮಗಳೂ ಇರುತ್ತಾಳೆ. ಅವಳಿಗೂ ಲೆಕ್ಕ ಗೊತ್ತಿರಲಿ.

ಅಂಕೋಲೆಯ ಒಂದು ಮನೆಯ ಹುಡುಗಿಗೆ ಎಂಜಿನಿಯರಿಂಗಿಗೆ ಮೂರು ದಾರಿ ಇವೆ ಅಂತ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ, ನಿಮ್ಮವನ್ನು ನೀವು ಹಾಕಿಕೊಳ್ಳಿ.

ಮೊದಲನೆಯದು ಬೆಂಗಳೂರಿನ ಹೆಸರಾಂತ ಖಾಸಗಿ ಕಾಲೇಜು, ಸಿಇಟಿ ಸೀಟು, ಸ್ಕಾಲರ್‌ಶಿಪ್ ಇಲ್ಲ. ಫೀಸು 1.20 ಲಕ್ಷ, ಪಿಜಿ ಮತ್ತು ಊಟ 1.30 ಲಕ್ಷ, ಪುಸ್ತಕ, ಮೊಬೈಲು, ಊರಿಗೆ ಓಡಾಟ 30 ಸಾವಿರ. ವರ್ಷಕ್ಕೆ 2.80 ಲಕ್ಷ, ನಾಲ್ಕು ವರ್ಷಕ್ಕೆ 11.20 ಲಕ್ಷ.

ಎರಡನೆಯದು ಹುಬ್ಬಳ್ಳಿ ಕಡೆಯ ಮಧ್ಯಮ ದರ್ಜೆಯ ಖಾಸಗಿ ಕಾಲೇಜು, ಮ್ಯಾನೇಜ್‌ಮೆಂಟ್ ಸೀಟು, "ಶೇ. 50 ಮೆರಿಟ್ ಸ್ಕಾಲರ್‌ಶಿಪ್". ಬೋಧನಾ ಶುಲ್ಕ 2.50 ಲಕ್ಷ, ಅದರಲ್ಲಿ ಅರ್ಧ ಮಾಫಿ, ಉಳಿದದ್ದು 1.25. ಇತರೆ ಶುಲ್ಕ 40 ಸಾವಿರ, ಹಾಸ್ಟೆಲ್ 90 ಸಾವಿರ, ಓಡಾಟ 20 ಸಾವಿರ. ವರ್ಷಕ್ಕೆ 2.75 ಲಕ್ಷ, ನಾಲ್ಕು ವರ್ಷಕ್ಕೆ 11 ಲಕ್ಷ.

ನೋಡಿದಿರಾ? ಅರ್ಧ ಸ್ಕಾಲರ್‌ಶಿಪ್ ಸಿಕ್ಕ ಕಾಲೇಜು, ಒಂದು ಪೈಸೆ ಕೊಡದ ಹೆಸರಾಂತ ಕಾಲೇಜಿಗಿಂತ ನಾಲ್ಕು ವರ್ಷಕ್ಕೆ 20 ಸಾವಿರ ಮಾತ್ರ ಅಗ್ಗ. ಎರಡನೇ ವರ್ಷದಿಂದ ಆ ಮಾಫಿ ತಪ್ಪಿಹೋದರೆ ಮೂರು ವರ್ಷಕ್ಕೆ 3.75 ಲಕ್ಷ ಮೇಲೆ ಬಿದ್ದು 14.75 ಲಕ್ಷ ಆಗುತ್ತದೆ.

ಮೂರನೆಯದು ಕಾರವಾರದ ಮಾಜಾಳಿಯಲ್ಲಿರುವ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಫೀಸು 45 ಸಾವಿರ, ಮನೆಯಿಂದಲೇ ಬಸ್ಸು, ಉಳಿದ ಖರ್ಚು ಸೇರಿ 25 ಸಾವಿರ. ವರ್ಷಕ್ಕೆ 70 ಸಾವಿರ, ನಾಲ್ಕು ವರ್ಷಕ್ಕೆ 2.80 ಲಕ್ಷ. ಹುಡುಗಿ ಅಂಕೋಲೆ ಬದಲು ಸಿರ್ಸಿಯವಳಾದರೆ ಹಾಸ್ಟೆಲ್ ಖರ್ಚು ಸೇರುತ್ತದೆ, ಆಗಲೂ ಉಳಿದೆರಡರ ಹತ್ತಿರಕ್ಕೆ ಹೋಗುವುದಿಲ್ಲ.

ಫೀಸು ಪ್ರತಿವರ್ಷ ಅಷ್ಟೇ ಇರುತ್ತದಾ ಅಂತಲೂ ಕೇಳಿ. ಹಾಸ್ಟೆಲ್ ದರ ಏರದೇ ಇರುವ ಊರನ್ನು ನಾನಂತೂ ನೋಡಿಲ್ಲ. ದಿನಾ ಬಸ್ಸಿನಲ್ಲಿ ಹೋಗಿ ಬರುವವರು ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2024ರ ಜುಲೈನಲ್ಲಿ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಗಿತ್ತು, ವಿಟಿಯುನಲ್ಲಿ (ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ) ಹಾಜರಾತಿ ಶೇ. 85 ಬೇಕು. ಹೀಗಾಗಿ ಮಳೆಯ ಎರಡು ತಿಂಗಳು ಕಾಲೇಜಿನ ಹತ್ತಿರ ರೂಮು ಮಾಡುವ ಖರ್ಚನ್ನು ಸುಮ್ನೆ ಹಾಳೆಯ ಕೆಳಗೆ ಬರೆದಿಟ್ಟುಕೊಳ್ಳುವುದು ಒಳ್ಳೇದು.

ಹೆಜ್ಜೆ 2: ಕಾಲೇಜು ಕೊಟ್ಟ ಸ್ಕಾಲರ್‌ಶಿಪ್ ಪತ್ರವನ್ನು ಕೊನೆಯಿಂದ ಓದಿ

ಈ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಮೇಲೆ ಬಣ್ಣದ ಲೋಗೋ, ಅದರ ಕೆಳಗೆ "ಅಭಿನಂದನೆಗಳು", ನಡುವೆ ದಪ್ಪಕ್ಷರದಲ್ಲಿ ಶೇಕಡಾವಾರು. ತಳದಲ್ಲಿ ಇರುವೆಯಂಥ ಅಕ್ಷರದಲ್ಲಿ ಷರತ್ತು. ಓದಬೇಕಾದ್ದು ಆ ಇರುವೆಗಳನ್ನು.

ಮಾಫಿ ಯಾವುದರ ಮೇಲೆ ಅಂತ ಮೊದಲು ನೋಡಿ. ಸಾಮಾನ್ಯವಾಗಿ ಬೋಧನಾ ಶುಲ್ಕದ ಮೇಲೆ ಮಾತ್ರ ಇರುತ್ತದೆ. ಹಾಸ್ಟೆಲ್, ಬಸ್ಸು, ಪರೀಕ್ಷೆ, ಲ್ಯಾಬು, "ಸ್ಕಿಲ್ ಡೆವಲಪ್‌ಮೆಂಟ್" ಅಂತ ಒಂದು ಸಾಲು, ಇವೆಲ್ಲ ಪೂರ್ತಿ ಕಟ್ಟಬೇಕು. ಆಮೇಲೆ ಎಷ್ಟು ವರ್ಷಕ್ಕೆ ಅಂತ ನೋಡಿ. "ಪ್ರವೇಶದ ವರ್ಷಕ್ಕೆ" ಅಂತ ಬರೆದಿದ್ದರೆ ಅದು ಸ್ಕಾಲರ್‌ಶಿಪ್ ಅಲ್ಲ, ಆಷಾಢದ ಡಿಸ್ಕೌಂಟು.

ಮುಂದುವರಿಯಲು ಎಷ್ಟು ಅಂಕ ಬೇಕು ಅನ್ನುವುದು ದೊಡ್ಡ ಗಂಟು. ಸಿಜಿಪಿಎ (ಹತ್ತಕ್ಕೆ ಸರಾಸರಿ ಅಂಕ) 8.5, ಒಂದು ವಿಷಯವೂ ಬಾಕಿ ಇರಬಾರದು ಅಂತ ಇದ್ದರೆ, ಪಿಯುಸಿಯಲ್ಲಿ ಶೇ. 95 ತೆಗೆದವರಿಗೆ ಅದೇನು ಮಹಾ ಅನ್ನಿಸುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಮನೆ ಬಿಟ್ಟು ಹೊಸ ಜಾಗ, ಹೊಸ ವಿಷಯ, ಕನ್ನಡ ಮಾಧ್ಯಮದಿಂದ ಬಂದವರಾದರೆ ಇಂಗ್ಲಿಷಿನ ಪಾಠ ಬೇರೆ. ಆಗ ಗೊತ್ತಾಗುತ್ತದೆ. ಆದ್ದರಿಂದ ಆಫೀಸಿನವರನ್ನು ಬಿಟ್ಟು, ಅದೇ ಸ್ಕಾಲರ್‌ಶಿಪ್ಪಿನಲ್ಲಿ ಸೇರಿ ಈಗ ಮೂರನೇ ವರ್ಷದಲ್ಲಿರುವ ಮಕ್ಕಳನ್ನು ಹುಡುಕಿ ಕೇಳಿ: "ಅಣ್ಣಾ, ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನರಿಗೆ ಇನ್ನೂ ಸಿಗ್ತಾ ಇದೆ?" ಅವರು ತಡವರಿಸಿದರೆ ಹಾಳೆಯಲ್ಲಿ ಎರಡನೇ ವರ್ಷದಿಂದ ಪೂರ್ತಿ ಫೀಸು ಹಾಕಿಯೇ ಲೆಕ್ಕ ಮಾಡಿ.

ಬಾಯಿಮಾತಿನ ಭರವಸೆಯನ್ನು ಹಾಳೆಗೆ ಸೇರಿಸಲೇಬೇಡಿ. "ಸೇರಿಸಿ ಸಾರ್, ಆಮೇಲೆ ಟ್ರಸ್ಟಿನವರ ಹತ್ತಿರ ಮಾತಾಡಿ ಕಮ್ಮಿ ಮಾಡಿಸೋಣ" ಅಂದವರು ಆಗಸ್ಟ್ ಮುಗಿದ ಮೇಲೆ ಫೋನು ಎತ್ತುವುದಿಲ್ಲ.

ಹೆಜ್ಜೆ 3: ಸರ್ಕಾರದಿಂದ, ಬೇರೆ ಕಡೆಯಿಂದ ಬರಬಹುದಾದ್ದು

ಇವು ಕಾಲೇಜಿನ ಮರ್ಜಿಗೆ ಬಿಟ್ಟದ್ದಲ್ಲ, ಅರ್ಹತೆ ನಿಮ್ಮದು. ಹಾಗಾಗಿ ಕಾಲೇಜು ಕೊಡುವ ಮಾಫಿಗಿಂತ ಇವುಗಳ ಮೇಲೆ ಹೆಚ್ಚು ಸಮಯ ಹಾಕಿ.

ಎಂಜಿನಿಯರಿಂಗಿಗೆ ಮೊದಲು ಕೇಳಬೇಕಾದ್ದು ಎಸ್‌ಎನ್‌ಕ್ಯೂ, ಅಂದರೆ ಹೆಚ್ಚುವರಿ ಕೋಟಾ. ಮಂಜೂರಾದ ಸೀಟುಗಳ ಮೇಲೆ ಶೇ. 5 ಸೀಟು, ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗೆ ಇದ್ದವರಿಗೆ ಬೋಧನಾ ಶುಲ್ಕ ಇಲ್ಲ, ಉಳಿದ ಶುಲ್ಕ ಉಂಟು. ಇದರಲ್ಲಿ ಹೆಸರಾಂತ ಕಾಲೇಜೇ ಅಗ್ಗಕ್ಕೆ ಸಿಗುವ ಸಾಧ್ಯತೆ ಇದೆ, ಆದರೆ ಪೈಪೋಟಿ ಜೋರು. ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ವರ್ಷಕ್ಕೆ 50 ಸಾವಿರ ಕೊಡುತ್ತದೆ. ಇಲ್ಲಿಯೂ ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ಮೇಲಿನ ಅಂಕೋಲೆ ಹುಡುಗಿ ಮಾಜಾಳಿಗೆ ಸೇರಿ ಇದು ಸಿಕ್ಕಿತು ಅಂತಾದರೆ ವರ್ಷದ 70 ಸಾವಿರದಲ್ಲಿ ಜೇಬಿನಿಂದ ಹೋಗುವುದು 20 ಸಾವಿರ.

ಪಿಯುಸಿಯಲ್ಲಿ ಮಂಡಳಿಯ ಮೇಲಿನ ಶೇ. 20 ವಿದ್ಯಾರ್ಥಿಗಳೊಳಗೆ ಬಂದು, ಆದಾಯ 4.5 ಲಕ್ಷದೊಳಗೆ ಇದ್ದರೆ ಕೇಂದ್ರದ ಸ್ಕಾಲರ್‌ಶಿಪ್ ಇದೆ. ಪದವಿಯ ಮೊದಲ ಮೂರು ವರ್ಷ ತಲಾ 12 ಸಾವಿರ. ಅರ್ಜಿ ಎನ್‌ಎಸ್‌ಪಿ (ರಾಷ್ಟ್ರೀಯ ಸ್ಕಾಲರ್‌ಶಿಪ್) ಪೋರ್ಟಲ್‌ನಲ್ಲಿ. ರಾಜ್ಯದವು ಎಸ್‌ಎಸ್‌ಪಿ (ರಾಜ್ಯ ಸ್ಕಾಲರ್‌ಶಿಪ್ ಪೋರ್ಟಲ್) ಅನ್ನುವುದರಲ್ಲಿ: ಪರಿಶಿಷ್ಟರು, ಹಿಂದುಳಿದ ವರ್ಗ, ಅಲ್ಪಸಂಖ್ಯಾತರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ತಿಂಗಳಿಗಿಷ್ಟು ಅಂತ ಹತ್ತು ತಿಂಗಳು ಕೊಡುವ ವಿದ್ಯಾಸಿರಿ. ಇನ್ನು 10 ಮತ್ತು 12ನೇ ತರಗತಿ ಸರ್ಕಾರಿ ಶಾಲೆ, ಕಾಲೇಜಿನಲ್ಲೇ ಓದಿದ ಹೆಣ್ಣುಮಕ್ಕಳು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವರ್ಷಕ್ಕೆ 30 ಸಾವಿರದ ಸ್ಕಾಲರ್‌ಶಿಪ್ಪಿಗೆ ಹಾಕಿ.

ಎರಡು ಎಚ್ಚರಿಕೆ. ಎಷ್ಟೋ ಸರ್ಕಾರಿ ಸ್ಕಾಲರ್‌ಶಿಪ್‌ಗಳನ್ನು ಒಟ್ಟಿಗೆ ತೆಗೆದುಕೊಳ್ಳುವ ಹಾಗಿಲ್ಲ, ಆದ್ದರಿಂದ ಎಲ್ಲವನ್ನೂ ಕೂಡಿಸಿ ಸಂಭ್ರಮಿಸಬೇಡಿ. ದೊಡ್ಡದು ಒಂದನ್ನು ಹಿಡಿದು ಲೆಕ್ಕ ಹಾಕಿ. ಮತ್ತೆ ಈ ಹಣ ಫೀಸು ಕಟ್ಟುವ ದಿನಕ್ಕೆ ಬರುವುದಿಲ್ಲ, ತಿಂಗಳುಗಟ್ಟಲೆ ತಡವಾಗಿ ಖಾತೆಗೆ ಬೀಳುತ್ತದೆ. ಮೊದಲ ಕಂತಿಗೆ ಬೇರೆ ವ್ಯವಸ್ಥೆ ಇರಲೇಬೇಕು.

ಕಾಗದಪತ್ರದ ಕೆಲಸ ಮೇ ತಿಂಗಳಲ್ಲೇ ಮುಗಿಸಿ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮದ್ದು ಇನ್ನೊಂದು. ಸಿಇಟಿಯಲ್ಲಿ ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಮೀಸಲು ಇದೆ. ಅದು ನೇರವಾಗಿ ಹಣ ಕೊಡದಿದ್ದರೂ ಮ್ಯಾನೇಜ್‌ಮೆಂಟ್ ಸೀಟಿನ ಬದಲು ಸಿಇಟಿ ಸೀಟು ಕೊಡಿಸಿದರೆ, ಯಾವ ಸ್ಕಾಲರ್‌ಶಿಪ್ಪಿಗಿಂತಲೂ ದೊಡ್ಡ ಉಳಿತಾಯ. ಮಗುವಿನ ಹೆಸರಲ್ಲೇ ಬ್ಯಾಂಕ್ ಖಾತೆ ಇದ್ದು ಅದಕ್ಕೆ ಆಧಾರ್ ಜೋಡಣೆ ಆಗಿರಬೇಕು. ಇಲ್ಲದಿದ್ದರೆ ಮಂಜೂರಾದ ಹಣವೂ ಬರದೆ ನಿಲ್ಲುತ್ತದೆ. ಆಧಾರ್, ಅಂಕಪಟ್ಟಿ, ಪಾಸ್‌ಬುಕ್ ಮೂರರಲ್ಲೂ ಹೆಸರಿನ ಸ್ಪೆಲಿಂಗ್ ಒಂದೇ ಇದೆಯಾ ನೋಡಿ. "ಹೆಗಡೆ" ಒಂದು ಕಡೆ, "ಹೆಗ್ಡೆ" ಇನ್ನೊಂದು ಕಡೆ ಇದ್ದರೆ ಸೈಬರ್ ಸೆಂಟರಿಗೆ ಅಲೆದಾಟ ಗ್ಯಾರಂಟಿ.

ಹೆಜ್ಜೆ 4: ಆ ಹೆಸರಿಗೆ ಎಷ್ಟು ಕೊಡಬಹುದು?

ಹೆಸರು ಸುಳ್ಳು ಅಂತ ನಾನು ಹೇಳುವುದಿಲ್ಲ. ಕೆಲವು ಕಂಪನಿಗಳು ಕೆಲವೇ ಕ್ಯಾಂಪಸ್ಸಿಗೆ ಬರುತ್ತವೆ, ಜೊತೆಗೆ ಓದುವವರು ಚುರುಕಾಗಿದ್ದರೆ ನಮ್ಮ ಮಕ್ಕಳೂ ಏರುತ್ತಾರೆ, ಹಳೇ ವಿದ್ಯಾರ್ಥಿಗಳ ಬಳಗ ಕೆಲಸಕ್ಕೆ ಬರುತ್ತದೆ. ಆದರೆ ಈ ಲಾಭ ಮೇಲಿನ ಕೆಲವೇ ಕಾಲೇಜುಗಳಿಗೆ ಸೀಮಿತ. ಅದಕ್ಕಿಂತ ಕೆಳಗಿನ, ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸು ಹಾಕುವ ದುಬಾರಿ ಕಾಲೇಜುಗಳಲ್ಲಿ ನೀವು ಹೆಸರಿನ ಬೆಲೆ ಕೊಡುತ್ತೀರಿ, ಹೆಸರು ಸಿಗುವುದಿಲ್ಲ. ನನ್ನ ಕೇಳಿದರೆ ಆಯ್ಕೆ ಇರಬೇಕಾದ್ದು ಮೇಲಿನ ಹತ್ತಿಪ್ಪತ್ತು ಕಾಲೇಜು ಅಥವಾ ಹತ್ತಿರದ ಸರ್ಕಾರಿ ಕಾಲೇಜು, ಇವುಗಳ ನಡುವೆ. ನಡುವಿನವುಗಳಿಗೆ ಸಾಲ ಮಾಡಿ ಹೋಗುವುದಕ್ಕೆ ಬಲವಾದ ಕಾರಣ ಬೇಕು.

ಇನ್ನೊಂದು ತಮಾಷೆ ಅಂದ್ರೆ, ನಿಜವಾಗಿ ದೊಡ್ಡ ಹೆಸರಿನ ಕಡೆ ಖರ್ಚು ಕಡಿಮೆ ಇರುವುದೂ ಉಂಟು. ಸುರತ್ಕಲ್ಲಿನ ಎನ್‌ಐಟಿಕೆ, ಧಾರವಾಡದ ಐಐಟಿ ಎರಡೂ ನಮಗೆ ಹತ್ತಿರ. ಅಲ್ಲಿ ಆದಾಯ 1 ಲಕ್ಷದೊಳಗೆ ಇದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, 1ರಿಂದ 5 ಲಕ್ಷದೊಳಗೆ ಇದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇ 1917ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಶುರುವಾದ ಸರ್ಕಾರಿ ಸಂಸ್ಥೆ. ಹೆಸರೂ ಇದೆ, ಸಿಇಟಿಯಲ್ಲೇ ಸಿಗುತ್ತದೆ.

ಹೆಸರನ್ನು ಪರೀಕ್ಷೆ ಮಾಡಲು ಜಾಹೀರಾತು ಬಿಟ್ಟು ಕಾಲೇಜಿನ ವೆಬ್‌ಸೈಟಿಗೆ ಹೋಗಿ ಎನ್‌ಐಆರ್‌ಎಫ್ ಅನ್ನುವ ಜಾಗ ಹುಡುಕಿ. ಕೇಂದ್ರದ ರ‍್ಯಾಂಕಿಂಗಿಗೆ ಕಾಲೇಜೇ ಸಲ್ಲಿಸಿದ ಪಿಡಿಎಫ್ ಅಲ್ಲಿರುತ್ತದೆ. ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ಸರಿಯಾದ ಅವಧಿಯಲ್ಲಿ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ ಎಷ್ಟು, ಎಲ್ಲ ಒಂದೇ ಕೋಷ್ಟಕದಲ್ಲಿ. ಮೀಡಿಯನ್ ಅಂದರೆ ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ಸರಿಯಾಗಿ ನಡುವೆ ನಿಂತವರ ಸಂಬಳ. ಫ್ಲೆಕ್ಸಿನಲ್ಲಿರುವ 40 ಲಕ್ಷದ ಪ್ಯಾಕೇಜು ಒಬ್ಬ ಹುಡುಗನದ್ದು, ಮೀಡಿಯನ್ ನಿಮ್ಮ ಮಗನಿಗೆ ಹತ್ತಿರದ್ದು. ಆಮೇಲೆ ನಿಮಗೆ ಬೇಕಾದ ಬ್ರಾಂಚಿಗೆ ಎನ್‌ಬಿಎ ಮಾನ್ಯತೆ ಇದೆಯಾ ನೋಡಿ. ನ್ಯಾಕ್ ಮಾನ್ಯತೆ ಇಡೀ ಕಾಲೇಜಿಗೆ, ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ.

ಎಂಜಿನಿಯರಿಂಗ್ ಬಿಟ್ಟರೆ ಲೆಕ್ಕ ಸುಲಭ. ಎಂಬಿಬಿಎಸ್‌ಗೆ ಸರ್ಕಾರಿ ಸೀಟು ಸಿಕ್ಕರೆ ಕಾರವಾರದ ಮೆಡಿಕಲ್ ಕಾಲೇಜಾದರೂ ಸರಿ, ಕಣ್ಣುಮುಚ್ಚಿ ಹೋಗಿ, ಹೆಸರಿನ ಮಾತು ಸ್ನಾತಕೋತ್ತರ ಸೀಟಿನ ಹೊತ್ತಿಗೆ ನೋಡೋಣ. ಬಿಎಸ್ಸಿ, ಬಿಕಾಂಗೆ ಸಿರ್ಸಿ, ಕುಮಟಾ, ಹೊನ್ನಾವರ, ಕಾರವಾರದ ಕಾಲೇಜುಗಳು ಬಹುಪಾಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೇ ಬರುತ್ತವೆ. ಅದೇ ಪದವಿಗೆ ದೂರ ಹೋಗಿ ಮೂರು ವರ್ಷ ರೂಮಿನ ಬಾಡಿಗೆ ಕಟ್ಟುವ ಬದಲು ಆ ಹಣವನ್ನು ಸ್ನಾತಕೋತ್ತರಕ್ಕೆ ಉಳಿಸಿ. ಅರಣ್ಯ ವಿಜ್ಞಾನ ಓದುವ ಆಸೆ ಇದ್ದವರಿಗಂತೂ ಸಿರ್ಸಿಯಲ್ಲೇ ಕಾಲೇಜಿದೆ, ಬೇರೆ ಊರಿನವರು ಹುಡುಕಿಕೊಂಡು ಇಲ್ಲಿಗೆ ಬರುತ್ತಾರೆ.

ಹೆಜ್ಜೆ 5: ಸಾಲ ಮಾಡುವುದಾದರೆ ಕಂತಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷ, ಒಟ್ಟು 8 ಲಕ್ಷ ಸಾಲ, ಬಡ್ಡಿ ಶೇ. 10 ಅಂತ ಇಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ಆದರೆ ಬಡ್ಡಿ ಮಲಗಿರುವುದಿಲ್ಲ. ಮೊದಲ 2 ಲಕ್ಷಕ್ಕೆ ಐದು ವರ್ಷದ ಬಡ್ಡಿ 1 ಲಕ್ಷ, ಎರಡನೆಯದಕ್ಕೆ 80 ಸಾವಿರ, ಮೂರನೆಯದಕ್ಕೆ 60, ನಾಲ್ಕನೆಯದಕ್ಕೆ 40. ಕಂತು ಶುರುವಾಗುವ ದಿನ ನಿಮ್ಮ ಸಾಲ 10.80 ಲಕ್ಷ. ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳಿಗೆ 14 ಸಾವಿರದ ಮೇಲೆ, ಕೊನೆಗೆ ಕಟ್ಟಿದ್ದು 17 ಲಕ್ಷ ದಾಟುತ್ತದೆ. ಮೊದಲ ಕೆಲಸದಲ್ಲಿ ಕೈಗೆ 25 ಸಾವಿರ ಬಂದರೆ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ, ಊಟ ಮಾಡಿ, 14 ಸಾವಿರ ಕಂತು ಎಲ್ಲಿಂದ? ಮೂಗಿಗಿಂತ ಮೂಗುತಿ ಭಾರ.

ನಾನು ಹೇಳುವ ಅಳತೆ ಇಷ್ಟೇ: ಆ ಕಾಲೇಜಿನ, ಆ ಬ್ರಾಂಚಿನ ನಡುವಿನ ಸಂಬಳದಲ್ಲಿ ಮೂರನೇ ಒಂದು ಭಾಗದೊಳಗೆ ಕಂತು ಕೂರಬೇಕು. ಕೂರದಿದ್ದರೆ ಸಾಲ ಇಳಿಸಿ ಅಥವಾ ಕಾಲೇಜು ಬದಲಿಸಿ.

7.5 ಲಕ್ಷದವರೆಗೆ ಬ್ಯಾಂಕುಗಳು ತೋಟ, ಮನೆ ಅಡವು ಕೇಳದೆ ಶಿಕ್ಷಣ ಸಾಲ ಕೊಡುವ ವ್ಯವಸ್ಥೆ ಇದೆ. ಜಮೀನಿನ ಪಹಣಿ ತನ್ನಿ ಅಂದರೆ ಯಾಕೆ ಅಂತ ಕೇಳಿ. 2024ರ ನವೆಂಬರಿನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆದಾಯ 8 ಲಕ್ಷದೊಳಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯ ಬಡ್ಡಿಯಲ್ಲಿ ಶೇ. 3 ರಿಯಾಯಿತಿ ಇದೆ. ಆದರೆ ಅದು ಎನ್‌ಐಆರ್‌ಎಫ್ ಆಧಾರದ ಮೇಲೆ ಆರಿಸಿದ ಸಂಸ್ಥೆಗಳಿಗೆ ಮಾತ್ರ, ಮೆರಿಟ್ ಮೇಲೆ ಸೇರಿದವರಿಗೆ ಮಾತ್ರ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ. ಕಂತು ಶುರುವಾಗುವವರೆಗೆ ತಿಂಗಳ ಬಡ್ಡಿ ಕಟ್ಟುತ್ತಾ ಹೋದರೆ ಮೇಲೆ ಲೆಕ್ಕ ಹಾಕಿದ 2.80 ಲಕ್ಷ ಬಡ್ಡಿ ಸಾಲಕ್ಕೆ ಸೇರುವುದಿಲ್ಲ, ಅಡಿಕೆ ಮಾರಿದ ತಿಂಗಳು ವರ್ಷದ ಬಡ್ಡಿ ಒಟ್ಟಿಗೆ ಕಟ್ಟಿದರೂ ಆಯ್ತು.

ಹೆಜ್ಜೆ 6: ಆಪ್ಷನ್ ಎಂಟ್ರಿ

ಸಿಇಟಿ ಸೀಟಿಗೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದೇ ಆಪ್ಷನ್ ಎಂಟ್ರಿ. ಇಲ್ಲಿ ಒಂದೇ ಮಾತು. ಕಟ್ಟಲಾಗದ ಕಾಲೇಜನ್ನು ಪಟ್ಟಿಯಲ್ಲಿ ಮೇಲೆ ಹಾಕಬೇಡಿ, "ಸಿಕ್ಕರೆ ನೋಡೋಣ" ಅಂತಲೂ ಬೇಡ. ಸೀಟು ಬಂದಾಗ ಚಾಯ್ಸ್ 1 ಅಂದರೆ ಒಪ್ಪಿ ಸೇರುವುದು, 2 ಅಂದರೆ ಇದನ್ನು ಇಟ್ಟುಕೊಂಡು ಮೇಲಿನ ಆಯ್ಕೆಗೆ ಕಾಯುವುದು, 3 ಅಂದರೆ ಇದು ಬೇಡ, ಮುಂದಿನ ಸುತ್ತು, 4 ಅಂದರೆ ಹೊರಗೆ. ಚಾಯ್ಸ್ 2 ಕೊಟ್ಟು ಕಾದಾಗ ಮೇಲಿನದು ಸಿಕ್ಕಿಬಿಟ್ಟರೆ ಕೈಯಲ್ಲಿದ್ದ ಸೀಟು ತಾನಾಗಿ ಹೋಗುತ್ತದೆ. ಮಾಜಾಳಿಯ ಸೀಟು ಕಳೆದು ಬೆಂಗಳೂರಿನದ್ದು ಬಂತು, ಅಲ್ಲಿಗೆ ದುಡ್ಡಿಲ್ಲ ಅಂತಾದರೆ ಎರಡೂ ಇಲ್ಲ. ಹೆಜ್ಜೆ 1ರ ಹಾಳೆಯನ್ನು ಎದುರಿಗೆ ಇಟ್ಟುಕೊಂಡೇ ಆಪ್ಷನ್ ತುಂಬಿ, ಸೈಬರ್ ಸೆಂಟರಿನ ಹುಡುಗನಿಗೆ "ನೀನೇ ಹಾಕಿಬಿಡು" ಅನ್ನಬೇಡಿ.

ಹೆಜ್ಜೆ 7: ಮುಂಗಡ ಕಟ್ಟಿದ್ದರೆ

ಸಿಇಟಿ ಫಲಿತಾಂಶಕ್ಕೆ ಮೊದಲೇ ಖಾಸಗಿ ಕಾಲೇಜಿನವರು ಸೀಟು ಕಾಯ್ದಿರಿಸಿ ಅಂತ ಹಣ ಕಟ್ಟಿಸಿಕೊಳ್ಳುತ್ತಾರೆ. ಕಟ್ಟಲೇಬೇಕಾದರೆ ಚಿಕ್ಕ ಮೊತ್ತ ಕಟ್ಟಿ, ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ. ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರ ಆಯೋಗ ಯುಜಿಸಿ, ಮತ್ತೆ ಎಐಸಿಟಿಇ ಎರಡಕ್ಕೂ ಫೀಸು ವಾಪಸಿನ ನಿಯಮ ಇದೆ. ಪ್ರಕಟಿಸಿದ ದಿನಾಂಕದೊಳಗೆ ಸೀಟು ಬಿಟ್ಟರೆ ಸಣ್ಣ ಪ್ರೊಸೆಸಿಂಗ್ ಶುಲ್ಕ ಹಿಡಿದು ಉಳಿದದ್ದು ಕೊಡಬೇಕು. ಮೂಲ ಅಂಕಪಟ್ಟಿಯನ್ನು ಇಟ್ಟುಕೊಂಡು ಸತಾಯಿಸುವ ಹಾಗಿಲ್ಲ. ಪರಿಶೀಲನೆಗೆ ತೋರಿಸಿ ವಾಪಸ್ ತನ್ನಿ, ಒಳಗೆ ಬಿಟ್ಟು ಬರಬೇಡಿ. ಸೀಟು ಬಿಡುವ ಅರ್ಜಿಯನ್ನು ಎರಡು ಪ್ರತಿ ಮಾಡಿ ಒಂದಕ್ಕೆ ದಿನಾಂಕ ಸಮೇತ ಸೀಲು ಹಾಕಿಸಿಕೊಳ್ಳಿ, ಸಂಜೆ ಬಸ್ಸು ತಪ್ಪುತ್ತದೆ ಅಂತ ಸೀಲಿಲ್ಲದೆ ಹೊರಟುಬಿಡಬೇಡಿ. ಅದೇ ದಿನ ಕಾಲೇಜಿನ ಇಮೇಲಿಗೂ ಒಂದು ಕಳಿಸಿ.